ಮೇಸ್ತ್ರಿಯ ಕೈಗೆ ಮೈಕು

ಅಬುಂದಿಯೊ ಎಂಬ ಮನುಷ್ಯನ ಬಗ್ಗೆ ಹೇಳುವಾಗ ನನ್ನ ಬಾಯಿಗೆ ಒಳ್ಳೆಯ ಮಾತು ಬರುವುದಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬರಲಿ ಎಂದು ನಾನು ಕಷ್ಟಪಡುವುದೂ ಇಲ್ಲ. ಮಡೇರಾದ ಸುತ್ತಲಿನ ದ್ರಾಕ್ಷಿ ತೋಟಗಳಲ್ಲಿ ಹದಿನಾರು ವರ್ಷ ಅವನು ನಮ್ಮ ಕೂಲಿ ಮೇಸ್ತ್ರಿಯಾಗಿದ್ದ. ತೋಟದ ಯಜಮಾನ ಇಷ್ಟು ಆಳು ಬೇಕೆಂದರೆ ಅಬುಂದಿಯೊ ಅಷ್ಟು ಜನರನ್ನು ಬಿಳಿ ವ್ಯಾನುಗಳಲ್ಲಿ ತುಂಬಿ ತಂದು ಇಳಿಸುತ್ತಿದ್ದ. ನಾವು ಬಗ್ಗಿ ಗೊಂಚಲು ಕುಯ್ದು, ಸಾಲುಗಳ ನಡುವೆ ಹಾಳೆ ಹಾಸಿ, ಒಣದ್ರಾಕ್ಷಿಯಾಗಲಿ ಎಂದು ಬಿಸಿಲಿಗೆ ಹರಡುತ್ತಿದ್ದೆವು. ಅವನು ವ್ಯಾನಿನ ನೆರಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತು ಮೀಸೆ ಬಾಚಿಕೊಳ್ಳುತ್ತಿದ್ದ. ಬಾಚಣಿಗೆ ಅವನ ಅಂಗಿ ಜೇಬಿನಲ್ಲೇ ಇರುತ್ತಿತ್ತು. ಅವನು ಮಾಡಿದ ಕೆಲಸ ಅಂತ ನಾನು ಕಣ್ಣಾರೆ ಕಂಡದ್ದು ಅದೊಂದೇ.

ಈ ಸೀಮೆಯಲ್ಲಿ ತೋಟಕ್ಕೆ ಆಳು ಒದಗಿಸುವವನಿಗೆ ಲೈಸೆನ್ಸ್ ಬೇಕು. ಪರೀಕ್ಷೆ ಬರೆಯಬೇಕು, ಬೆರಳಚ್ಚು ಕೊಡಬೇಕು, ವರ್ಷವರ್ಷವೂ ಪಾಠಕ್ಕೆ ಹೋಗಿ ಕೂರಬೇಕು. ಲೈಸೆನ್ಸ್ ಇಲ್ಲದೆ ಆಳು ತಂದರೆ ಅದು ಅಪರಾಧ. ದಂಡ ಬೀಳುತ್ತದೆ, ಆರು ತಿಂಗಳವರೆಗೆ ಜೈಲಿಗೂ ಹಾಕಬಹುದು. ಅಬುಂದಿಯೊನ ಲೈಸೆನ್ಸ್ ಹೋಗಿ ಏಳು ವರ್ಷವಾಗಿತ್ತು. ಹನ್ನೆರಡು ಜನ ಕೂರುವ ವ್ಯಾನಿನ ಸೀಟು ಕಿತ್ತು, ಹಲಗೆ ಹಾಕಿ, ಇಪ್ಪತ್ತೆರಡು ಜನರನ್ನು ತುಂಬಿಸಿದ್ದಕ್ಕೆ ಕಿತ್ತುಕೊಂಡಿದ್ದರು. ಇವನು ಏನು ಮಾಡಿದ? ಹಳೆಯ ಲೈಸೆನ್ಸಿನ ಜೆರಾಕ್ಸ್ ತೆಗೆದು, ಇಸವಿಯ ಮೇಲೆ ಬಿಳಿ ಬಳಿದು ಹೊಸ ಇಸವಿ ಬರೆದು, ಲ್ಯಾಮಿನೇಟ್ ಮಾಡಿಸಿ, ವ್ಯಾನಿನ ಕನ್ನಡಿಗೆ ಹುಕಿಲಾ ಮಾತೆಯ ಪಟದ ಪಕ್ಕದಲ್ಲೇ ತೂಗುಹಾಕಿದ. ಒಂದು ಸಲ ಸಿಕ್ಕಿಬಿದ್ದು, ಇನ್ನು ಮಾಡುವುದಿಲ್ಲವೆಂದು ಕೋರ್ಟಿನಲ್ಲಿ ಕೈಮುಗಿದು, ದಂಡ ಕಟ್ಟಿ ಬಂದ. ಮಾರನೆಯ ಸೋಮವಾರ ವ್ಯಾನು ಎಂದಿನಂತೆ ನಮ್ಮ ಬಾಗಿಲಿಗೆ ಬಂತು.

ಎರಡನೆಯ ಸಲ ಸಿಕ್ಕಿಬಿದ್ದದ್ದು ಹೋದ ಸೆಪ್ಟೆಂಬರಿನಲ್ಲಿ, ಸುಗ್ಗಿಯ ನಡುವೆ. ಕಾರ್ಮಿಕ ಇಲಾಖೆಯವರು ತೋಟಕ್ಕೇ ಬಂದರು. ಅರವತ್ತೆಂಟು ಆಳುಗಳು ಸಾಲಿನಲ್ಲಿ, ಇವನು ಕುರ್ಚಿಯಲ್ಲಿ. ನಾನು ಬರೀ ಡ್ರೈವರ್, ಮೇಸ್ತ್ರಿ ಬೇರೆ ಇದ್ದಾರೆ ಎಂದು ಅಲ್ಲೇ ಬುರುಡೆ ಬಿಟ್ಟ. ಬೇರೆ ಯಾರು ಎಂದು ಕೇಳಿದರೆ ಅವತ್ತು ಅವನಿಗೆ ಹೆಸರು ಹೊಳೆಯಲಿಲ್ಲ. ಎರಡು ವಾರ ಬಿಟ್ಟು ಹೊಳೆಯಿತು. ಹೊಳೆದದ್ದು ನನ್ನ ಗಂಡನ ಹೆಸರು.

ಭಾನುವಾರ ಅಬುಂದಿಯೊ ಪೂಜೆ ಮುಗಿಸಿಕೊಂಡು, ಹೆಂಡತಿ ರೊಸೆಂದಾಳ ಕೈಯಲ್ಲಿ ಸಿಹಿ ಬ್ರೆಡ್ಡಿನ ಡಬ್ಬಿ ಹೊರಿಸಿಕೊಂಡು ಬಂದ. ನನ್ನ ಗಂಡ ತೌರಿನೊ ಓಡಿ ಹೋಗಿ ಕುರ್ಚಿ ಎಳೆದುಕೊಟ್ಟ. ಅವರಿಬ್ಬರೂ ಕೊಂಪಾದ್ರೆಗಳು. ನಮ್ಮ ಮಗಳು ನಾಯೆಲಿಯ ಜ್ಞಾನಸ್ನಾನಕ್ಕೆ ಅಬುಂದಿಯೊ ಜ್ಞಾನತಂದೆಯಾಗಿ ನಿಂತವನು. ಹಾಗೆ ನಿಂತವನು ಮಗುವಿನ ಅಪ್ಪನಿಗೆ ಕೊಂಪಾದ್ರೆ, ಅಮ್ಮ ಅವನಿಗೆ ಕೊಮಾದ್ರೆ. ಅದು ರಕ್ತಸಂಬಂಧಕ್ಕಿಂತ ಗಟ್ಟಿ ಅಂತ ಗಡಿಯಾಚೆ ನಮ್ಮ ಊರಾದ ಮಿಶ್ತೆಕಾ ಬೆಟ್ಟದ ಜನರ ನಂಬಿಕೆ. ಅಣ್ಣತಮ್ಮಂದಿರು ಹೊಡೆದಾಡಬಹುದು, ಕೊಂಪಾದ್ರೆಗೆ ಎದುರು ಮಾತಾಡುವಂತಿಲ್ಲ, ಅವನು ಕೇಳಿದ್ದಕ್ಕೆ ಇಲ್ಲ ಅನ್ನುವಂತಿಲ್ಲ. ಇದನ್ನು ಅಬುಂದಿಯೊನಷ್ಟು ಚೆನ್ನಾಗಿ ಅರ್ಥಮಾಡಿಕೊಂಡವನು ಇನ್ನೊಬ್ಬನಿಲ್ಲ. ಗ್ಯಾಂಗಿನಲ್ಲಿ ಯಾರಿಗೆ ಮಗು ಹುಟ್ಟಿದರೂ ತಾನೇ ಹೋಗಿ ಜ್ಞಾನತಂದೆಯಾಗಿ ನಿಲ್ಲುತ್ತಿದ್ದ. ನಲವತ್ತೊಂದು ಮಕ್ಕಳಿಗೆ ನಿಂತಿದ್ದಾನೆ. ಆ ನಲವತ್ತೊಂದು ಮನೆಗಳಿಂದ ಅವನ ಮೇಲೆ ಒಂದು ದೂರು ಹೋಗಿಲ್ಲ.

"ಕೊಂಪಾದ್ರೆ, ನಿಮ್ಮಿಂದ ಒಂದು ಸಣ್ಣ ಉಪಕಾರ ಆಗ್ಬೇಕಿತ್ತು," ಎಂದ ಅಬುಂದಿಯೊ.

"ಹೇಳಿ ಕೊಂಪಾದ್ರೆ," ಎಂದ ನನ್ನ ಗಂಡ. ಏನು ಎಂದು ಕೇಳುವ ಮೊದಲೇ ತಲೆಯಾಡಿಸಿಯೂ ಆಗಿತ್ತು.

"ಕೋರ್ಟಲ್ಲಿ ಒಂದೇ ಒಂದು ಮಾತು. ಮೇಸ್ತ್ರಿ ನಾನೇ, ಅಬುಂದಿಯೊ ನನ್ನ ಹತ್ರ ಡ್ರೈವರ್ ಆಗಿದ್ರು ಅಂತ. ಅಷ್ಟೇ."

ನಾನು ಒಲೆಯ ಹತ್ತಿರ ತೋರ್ತಿಯಾ ರೊಟ್ಟಿ ಮಗುಚುತ್ತಿದ್ದೆ. "ಅದು ಮಾತಲ್ಲ, ಅದು ಆರು ತಿಂಗಳ ಜೈಲು," ಎಂದೆ.

"ಕೊಮಾದ್ರೆ, ಹೆದರ್ಕೋಬೇಡಿ. ನಂದು ಎರಡನೇ ಸಲ, ನನ್ನನ್ನ ಒಳಗೆ ಹಾಕೇ ಹಾಕ್ತಾರೆ. ಇವರದು ಮೊದಲನೇ ಸಲ. ಒಂದು ದಂಡ ಹಾಕಿ ಮನೆಗೆ ಕಳಿಸ್ತಾರೆ, ಅದನ್ನ ನಾನೇ ಕಟ್ತೀನಿ. ಗೊತ್ತಿರೋರನ್ನ ಕೇಳ್ಕೊಂಡೇ ಬಂದಿದೀನಿ."

"ಅಷ್ಟೊಂದು ಗೊತ್ತಿರೋರು, ನಿಮ್ಮ ಲೈಸೆನ್ಸ್ ಹೋಗೋವಾಗ ಎಲ್ಲಿಗೆ ಹೋಗಿದ್ರು?"

"ಕೊಮಾದ್ರೆಗೆ ಯಾವಾಗ್ಲೂ ತಮಾಷೆ," ಎಂದು ರೊಸೆಂದಾ ಹಲ್ಲು ಕಿರಿದಳು. ಅವಳಿಗೆ ನಗುವುದು ಬಿಟ್ಟು ಬೇರೆ ಕೆಲಸ ಕೊಟ್ಟಿರಲಿಲ್ಲ, ಪಾಪ.

ಅಬುಂದಿಯೊ ನನ್ನ ಕಡೆ ತಿರುಗಲೂ ಇಲ್ಲ. ತೌರಿನೊನ ಮಂಡಿಯ ಮೇಲೆ ಕೈಯಿಟ್ಟ. "ಮುಂದಿನ ತಿಂಗಳು ನಾಯೆಲಿಗೆ ಹದಿನೈದು ತುಂಬತ್ತೆ. ಹಬ್ಬದ ಬ್ಯಾಂಡು, ಕೇಕು, ಎರಡೂ ನನ್ನ ಮೇಲಿರಲಿ. ನನ್ನ ಮಗಳಲ್ವಾ ಅವಳು."

"ಆಯ್ತು ಕೊಂಪಾದ್ರೆ," ಎಂದ ನನ್ನ ಗಂಡ.

ತೋರ್ತಿಯಾ ಸೀದುಹೋಯಿತು. ಅದನ್ನೇ ಅವನ ತಟ್ಟೆಗೆ ಹಾಕಿದೆ, ಅಬುಂದಿಯೊನ ತಟ್ಟೆಗೆ. ತಿಂದ.

ಅವರು ಹೊರಟ ಮೇಲೆ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ತೌರಿನೊಗೆ ಈ ದೇಶದಲ್ಲಿ ಕಾಯಂ ಆಗಿ ಇರಲು ಬಿಡುವ ಹಸಿರು ಕಾರ್ಡು ಬಂದು ಮೂರೇ ವರ್ಷ. ಅದಕ್ಕಾಗಿ ಹನ್ನೊಂದು ವರ್ಷ ಕಾದಿದ್ದೆವು. ಆ ಹನ್ನೊಂದು ವರ್ಷದಲ್ಲಿ ಅವನ ಅಮ್ಮ ಊರಿನಲ್ಲಿ ತೀರಿಕೊಂಡಾಗ ಮಣ್ಣಿಗೂ ಹೋಗಲಾಗಿರಲಿಲ್ಲ. ಕೋರ್ಟಿನಲ್ಲಿ ನಿಂತು ನಾನೇ ಅಪರಾಧಿ ಅಂದರೆ ಜೈಲಿನ ಜೊತೆ ಆ ಕಾರ್ಡಿಗೂ ಸಂಚಕಾರ. ಕಾರ್ಡು ಹೋದರೆ ಗಡಿಯಾಚೆ ಅವನು, ಈಚೆ ನಾನು ಮತ್ತು ಮಗಳು.

"ನೀನು ಮೇಸ್ತ್ರಿನಾ? ನಿನ್ನ ಮುಖ ನೋಡ್ಕೊಂಡಿದೀಯಾ?"

"ದೇವರ ಮುಂದೆ ನಮ್ಮ ಮಗುನ ಎತ್ತಿಕೊಂಡಿದ್ದಾರೆ ದೆಲ್ಫಿನಾ."

"ಎತ್ತಿಕೊಂಡಿದ್ದು ಹತ್ತು ನಿಮಿಷ. ಫೋಟೋ ತೆಗೆದಿದ್ದೇ ತಡ, ಕೋಟು ಒದ್ದೆ ಮಾಡ್ತಾಳೆ ಅಂತ ನನ್ನ ಕೈಗೆ ತುರುಕಿದ."

"ಮಾತು ಕೊಟ್ಟಾಯ್ತು."

ಅಲ್ಲಿಗೆ ಮುಗಿಯಿತು. ನನ್ನ ಗಂಡ ಜಗಳವಾಡುವುದಿಲ್ಲ, ಕುಡಿಯುವುದಿಲ್ಲ, ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರಿಗಿಂತ ಮೊದಲು ಸಾಲಿಗೆ ಇಳಿಯುತ್ತಾನೆ. ಇಂಥವನನ್ನು ಜನ ದೇವರಂಥ ಮನುಷ್ಯ ಅನ್ನುತ್ತಾರೆ. ಕಟ್ಟಿಕೊಂಡವಳಿಗೆ ಗೊತ್ತು, ದೇವರ ಜೊತೆ ಸಂಸಾರ ಮಾಡುವುದು ಎಂಥ ತಲೆನೋವೆಂದು.

ಆ ವಾರವೇ ಇಲಾಖೆಯ ತನಿಖಾಧಿಕಾರಿ ಮನೆಗೆ ಬಂದಳು. ಒಕುಬೊ ಎಂದು ಹೆಸರು, ಐವತ್ತರ ಹತ್ತಿರದವಳು, ನಮ್ಮ ಭಾಷೆಯನ್ನು ಪರವಾಗಿಲ್ಲ ಎನ್ನುವಷ್ಟು ಆಡುತ್ತಿದ್ದಳು. ತನ್ನ ತಾತನೂ ಇದೇ ಕಣಿವೆಯಲ್ಲಿ ದ್ರಾಕ್ಷಿ ಕುಯ್ದವನು ಎಂದಳು. ಇರಬಹುದು. ಅವಳ ಬೂಟಿನಲ್ಲಿ ಮಾತ್ರ ಒಂದು ಚೂರು ಮಣ್ಣಿರಲಿಲ್ಲ.

"ನಲವತ್ತು ಮನೆಗೆ ಹೋಗಿಬಂದೆ," ಎಂದಳು. "ಎಲ್ಲಾ ಕಡೆ ಒಂದೇ ಪಾಠ. ಮೇಸ್ತ್ರಿ ಯಾರೋ ಗೊತ್ತಿಲ್ಲ, ಬೆಳಿಗ್ಗೆ ವ್ಯಾನು ಬರತ್ತೆ, ಹತ್ಕೋತೀವಿ."

"ಸರಿಯಾಗೇ ಹೇಳಿದಾರೆ. ವ್ಯಾನು ತಾನಾಗೇ ಬರತ್ತೆ," ಎಂದೆ.

"ನಿಮ್ಮ ಯಜಮಾನರೇ ಮೇಸ್ತ್ರಿ ಅಂತ ಕಿವಿಗೆ ಬಿತ್ತು. ನಿಜಾನಾ?"

ನಾನು ಅವಳ ಮುಖ ನೋಡಿದೆ. ಹೌದು ಅಂದರೆ ಗಂಡ ಹೋದ, ಇಲ್ಲ ಅಂದರೆ ಗಂಡನ ಮಾತು ಸುಳ್ಳಾಯಿತು. "ಕಾಫಿ ಕುಡೀತೀರಾ?" ಎಂದೆ.

"ನಂಗೊತ್ತು ಅವರಲ್ಲ ಅಂತ. ಆದ್ರೆ ಅವರು ಕಟಕಟೆ ಹತ್ತಿ ನಾನೇ ಅಂದ್ಬಿಟ್ರೆ ನಾನೇನ್ ಮಾಡ್ಲಿ? ಒಬ್ಬರಾದ್ರೂ ಬಾಯಿ ಬಿಡಿ. ನೀವಾದ್ರೂ ಬಿಡಿ."

"ಅಮ್ಮಾ, ಕೊಂಪಾದ್ರೆ ಮೇಲೆ ಸಾಕ್ಷಿ ಹೇಳಿದ್ರೆ ನಾಳೆ ನಮ್ಮ ಹೆಣ ಎತ್ತೋಕೂ ಯಾರೂ ಬರಲ್ಲ. ನೀವು ಕೇಸು ಮುಗಿಸಿ ಊರಿಗೆ ಹೋಗ್ತೀರ. ನಾವು ಇಲ್ಲೇ ಇರ್ಬೇಕು."

ಅವಳು ಫೈಲು ಮುಚ್ಚಿದಳು. "ಹಾಗಾದ್ರೆ ಇನ್ನು ಆ ಅಬುಂದಿಯೊನೇ ಬಂದು ಹೇಳ್ಬೇಕು, ನಾನೇ ಮೇಸ್ತ್ರಿ ಅಂತ," ಎಂದು ಎದ್ದು ಹೋದಳು. ಬೇಸತ್ತು ಆಡಿದ ಮಾತು ಅದು. ಆದರೆ ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ಕೋರ್ಟಿನಲ್ಲಿ ಅವನು ಹೇಳುವುದಿಲ್ಲ. ಜನರ ಮುಂದೆ, ಹೊಸ ಟೋಪಿ ಹಾಕಿಕೊಂಡು, ಬ್ಯಾಂಡು ನಿಂತ ಮೇಲೆ? ಅಲ್ಲಿ ಅವನ ಬಾಯಿ ಕಟ್ಟಿಹಾಕುವುದೇ ಕಷ್ಟ.

ನಮ್ಮಲ್ಲಿ ಹೆಣ್ಣುಮಗಳ ಹದಿನೈದರ ಹಬ್ಬವನ್ನು ಅಪ್ಪ ಅಮ್ಮ ಇಬ್ಬರೇ ಮಾಡುವುದಿಲ್ಲ. ಕಿರೀಟಕ್ಕೊಬ್ಬ ಜ್ಞಾನತಂದೆ, ಷೂಗೊಬ್ಬಳು ಜ್ಞಾನತಾಯಿ, ಕೇಕಿಗೊಬ್ಬ, ಹೂವಿಗೊಬ್ಬಳು, ಹೀಗೆ ಹತ್ತು ಹನ್ನೆರಡು ಜನ ಒಂದೊಂದನ್ನು ವಹಿಸಿಕೊಳ್ಳುತ್ತಾರೆ. ಊಟದ ನಡುವೆ ನಿರೂಪಕ ಅವರ ಹೆಸರು ಕೂಗುತ್ತಾನೆ, ಅವರು ಎದ್ದು ನಿಲ್ಲುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಕೂರುತ್ತಾರೆ. ಮೈಕನ್ನು ಯಾರ ಕೈಗೂ ಕೊಡುವುದಿಲ್ಲ. ಕೊಟ್ಟರೆ ಊಟ ಆರಿ ತಣ್ಣಗಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ಅಕ್ಟೋಬರಿನ ಆ ಶನಿವಾರ ಮಧ್ಯಾಹ್ನ ನಾಯೆಲಿಯ ಹಬ್ಬಕ್ಕೆ ಇನ್ನೂರು ಜನ ಬಾಡಿಗೆ ಹಾಲ್‌ನಲ್ಲಿ ಕೂತಿದ್ದರು. ನಾನು ಅಡುಗೆಮನೆಯಿಂದ ಮೋಲೆ ಸಾರಿನ ಕೈ ಒರೆಸಿಕೊಂಡು ಬಂದು ನಿರೂಪಕನನ್ನು ಮೂಲೆಗೆ ಕರೆದೆ.

"ಕೇಕಿನ ಜ್ಞಾನತಂದೆ ದೊಡ್ಡ ಮನುಷ್ಯರು. ಅವರಿಗೆ ಮೈಕು ಕೊಡಿ," ಎಂದೆ.

"ಎರಡು ನಿಮಿಷ ಸಾಕಾ ಅಮ್ಮ?"

"ಬೇಗ ಇಸ್ಕೋಬೇಡಿ. ಬೇಜಾರು ಮಾಡ್ಕೋತಾರೆ."

ಅಬುಂದಿಯೊ ಎದ್ದು ಬಂದ. ಬಿಳಿ ಟೋಪಿ, ಹಾವಿನ ಚರ್ಮದ ಬೂಟು, ನನ್ನ ಮುಷ್ಟಿಯಷ್ಟು ದಪ್ಪದ ಬೆಲ್ಟಿನ ಬಿಲ್ಲೆ. ಮೈಕು ಹಿಡಿದು, "ನಾನು ಜಾಸ್ತಿ ಮಾತಾಡೋನಲ್ಲ," ಎಂದ. ಹದಿನೇಳು ನಿಮಿಷ ಮಾತಾಡಿದ. ಜನ ಫೋನು ಎತ್ತಿ ಹಿಡಿದಿದ್ದರು. ಅದನ್ನು ನೋಡಿ ಅವನು ಇನ್ನಷ್ಟು ಉಬ್ಬಿದ.

"ಈ ಹಾಲಲ್ಲಿ ನನ್ನ ವ್ಯಾನು ಹತ್ತದೇ ಇರೋರು ಯಾರಿದೀರ, ಕೈ ಎತ್ತಿ ನೋಡೋಣ," ಎಂದ. ಯಾರೂ ಎತ್ತಲಿಲ್ಲ. "ಯಜಮಾನರು ಯಾರಿಗೆ ಫೋನ್ ಮಾಡ್ತಾರೆ? ನನಗೆ. ಈ ಸುಗ್ಗೀಲೂ ಅರವತ್ತೆಂಟು ಜನಕ್ಕೆ ಕೆಲಸ ಕೊಟ್ಟೋನು ಯಾರು? ನಾನು. ಯಾವ ಸಾಲಿಗೆ ಯಾರು ಅಂತ ಹೇಳೋನು ಯಾರು? ನಾನು. ಲೈಸೆನ್ಸ್, ಲೈಸೆನ್ಸ್ ಅಂತಾರೆ. ಮೇಸ್ತ್ರಿ ಆಗೋಕೆ ಕಾಗದ ಬೇಕಾ? ಹದಿನಾರು ವರ್ಷದಿಂದ ನನ್ನ ಲೈಸೆನ್ಸ್ ಇದೇ." ಎದೆ ತಟ್ಟಿಕೊಂಡ.

ರೊಸೆಂದಾ ಹಿಂದಿನಿಂದ ಕೋಟು ಎಳೆದಳು. ಅವತ್ತು ಅವಳ ಮುಖದಲ್ಲಿ ನಗು ಇರಲಿಲ್ಲ. ಇವನು ಕೋಟು ಕೊಸರಿಕೊಂಡ.

ನನಗೆ ಇಷ್ಟು ಸಾಕಾಗಿತ್ತು. ನಿರೂಪಕನಿಗೆ ಕಣ್ಸನ್ನೆ ಮಾಡಿದೆ, ಅವನು ಮೈಕಿಗೆ ಕೈ ಚಾಚಿದ. ಅಬುಂದಿಯೊ ಎರಡು ಹೆಜ್ಜೆ ಆಚೆ ಸರಿದು, ಬಾಡಿಗೆ ಸೂಟಿನಲ್ಲಿ ಬೆವರುತ್ತ ನಿಂತಿದ್ದ ತೌರಿನೊನ ಹೆಗಲಿಗೆ ಕೈ ಹಾಕಿದ.

"ಇವರು ನನ್ನ ಕೊಂಪಾದ್ರೆ. ಬಂದಾಗ ಬಳ್ಳಿ ಯಾವುದು, ಕಳೆ ಯಾವುದು ಗೊತ್ತಿರಲಿಲ್ಲ. ಊರಲ್ಲಿ ಮೂರು ಮೇಕೆ ಕೊಟ್ಟು ಕಳಿಸಿದ್ರೆ ಎರಡನ್ನ ಕಳ್ಕೊಂಡು ಬರ್ತಿದ್ದ ಮನುಷ್ಯ. ಮೇಕೆಗಳೇ ಇವರನ್ನ ಮನೆಗೆ ಕರ್ಕೊಂಡು ಬರ್ತಿದ್ವು." ಜನ ನಕ್ಕರು. "ಹೋಗ್ಲಿ ಪಾಪ ಅಂತ ನಾನೇ ಇಟ್ಕೊಂಡೆ. ನಾನಿಲ್ದೇ ಹೋಗಿದ್ರೆ ಈ ಕೂಸಿಗೆ ಇವತ್ತು ಇಂಥಾ ಲಂಗ ಎಲ್ಲಿಂದ ಬರ್ತಿತ್ತು?"

ಲಂಗ ತಂದದ್ದು ತೌರಿನೊ. ಎರಡು ಚಳಿಗಾಲ ಭಾನುವಾರವೂ ಬಿಡದೆ ಬಾದಾಮಿ ಮರದ ಕೊಂಬೆ ಸವರಲು ಹೋಗಿ ತಂದದ್ದು. ಅವನು ಅದನ್ನು ಹೇಳಲಿಲ್ಲ. ಎಲ್ಲರ ಜೊತೆ ಅವನೂ ನಗುತ್ತಿದ್ದ. ವ್ಯಾನಿನಲ್ಲಿ ಹದಿನಾರು ವರ್ಷ ಈ ಮೇಕೆಯ ಮಾತಿಗೆ ನಕ್ಕವನು, ಅಭ್ಯಾಸ. ನಾಯೆಲಿ ನಗಲಿಲ್ಲ. ನೇರಳೆ ಲಂಗದ ನಡುವೆ ನೆಟ್ಟಗೆ ನಿಂತು ಅಪ್ಪ ನಗುವುದನ್ನೇ ನೋಡುತ್ತಿದ್ದಳು. ಅವಳನ್ನು ಕಂಡು ತೌರಿನೊ ನಗು ನಿಲ್ಲಿಸಿದ. ಆಮೇಲೆ ಅಪ್ಪ ಮಗಳು ಕುಣಿಯುವ ಹಾಡು ಹಾಕಿದರು. ಒಂದು ತಿಂಗಳು ಅಂಗಳದಲ್ಲಿ ಕಲಿತ ಹೆಜ್ಜೆ, ಒಂದೂ ಸರಿ ಬೀಳಲಿಲ್ಲ. ಅವಳು ಅವನ ಕೈ ಹಿಡಿದು ನಡೆಸಿದಳು. ಅವನು ಅವಳ ಮುಖ ನೋಡಲಿಲ್ಲ.

ಆ ಭಾಷಣವನ್ನು ಇಲಾಖೆಯವರಿಗೆ ನಾನು ಕಳಿಸಲಿಲ್ಲ. ಗ್ಯಾಂಗಿನವರು ಯಾರೂ ಕಳಿಸಲಿಲ್ಲ. ಅಷ್ಟು ಕಷ್ಟವನ್ನು ಅಬುಂದಿಯೊ ನಮಗೆ ಕೊಡಲೂ ಇಲ್ಲ. ಮಾರನೆಯ ದಿನ ತಾನೇ ತನ್ನ ಫೇಸ್‌ಬುಕ್ಕಿಗೆ ಏರಿಸಿದ, ಹದಿನೇಳು ನಿಮಿಷವನ್ನೂ, ಮೇಲೆ "ಮಡೇರಾದ ಮೇಸ್ತ್ರಿಗಳ ಮೇಸ್ತ್ರಿ" ಎಂದು ಬರೆದು.

ನವೆಂಬರಿನಲ್ಲಿ ಕೋರ್ಟು. ಇಷ್ಟೆಲ್ಲ ಆದ ಮೇಲೂ ನನ್ನ ಗಂಡ ಬೆಳಿಗ್ಗೆ ಎದ್ದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಾನೇ ಮೇಸ್ತ್ರಿ ಎಂದು ಹೇಳಲು ಹೊರಟ. ಮಾತು ಕೊಟ್ಟಿದ್ದನಲ್ಲ. ಮೂರು ಮೇಕೆ ಕಾಯಲಾರದವನು ಅರವತ್ತೆಂಟು ಆಳು ಕಾದೆ ಎಂದು ದೇವರ ಮೇಲೆ ಆಣೆ ಮಾಡಲು ಹೊರಟ. ಕಾರಿನಲ್ಲಿ ನಾನು ಅವನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಹೊಡೆದುಬಿಡುತ್ತಿದ್ದೆ.

ಕೋರ್ಟಿನ ಮೊಗಸಾಲೆಯಲ್ಲಿ ಅಬುಂದಿಯೊ ನಮಗಾಗಿ ಕಾಯುತ್ತಿದ್ದ. "ಬನ್ನಿ ಕೊಂಪಾದ್ರೆ, ಹತ್ತು ನಿಮಿಷದ ಕೆಲಸ," ಎಂದು ತೌರಿನೊನ ಹೆಗಲು ತಟ್ಟಿ ಬೆಂಚಿನ ಮೇಲೆ ಕೂರಿಸಿದ. ಆಗ ಒಕುಬೊ ಸರ್ಕಾರಿ ವಕೀಲನ ಜೊತೆ ಬಂದು ಅಬುಂದಿಯೊನ ವಕೀಲನ ಕೈಗೆ ಒಂದು ಟ್ಯಾಬ್ಲೆಟ್ ಕೊಟ್ಟಳು. ಆ ವಕೀಲ ಅದನ್ನು ಒತ್ತಿದ. ಮೊಗಸಾಲೆಯ ಉದ್ದಕ್ಕೂ ಅಬುಂದಿಯೊನ ದನಿ ಕೇಳಿತು. ವ್ಯಾನು ಹತ್ತದೇ ಇರೋರು ಯಾರಿದೀರ. ಯಜಮಾನರು ಯಾರಿಗೆ ಫೋನ್ ಮಾಡ್ತಾರೆ. ಕಾಗದ ಬೇಕಾ. ವಕೀಲನಿಗೆ ನಮ್ಮ ಭಾಷೆ ಬರುತ್ತಿತ್ತು. ಅವನು ನಿಲ್ಲಿಸಲಿಲ್ಲ, ಮೇಕೆಯವರೆಗೂ ಕೇಳಿದ. ಗೋಡೆಗೆ ಒರಗಿ ನಿಂತಿದ್ದ ಪೊಲೀಸಿನವನೊಬ್ಬ ಮೇಕೆಯ ಮಾತಿಗೆ ಕಿಸಕ್ಕನೆ ನಕ್ಕ. ತೌರಿನೊ ನೆಲ ನೋಡುತ್ತ ಕೂತಿದ್ದ.

"ಇದನ್ನ ಹಾಕಿದ್ದು ಯಾರು?" ಎಂದು ವಕೀಲ ಕೇಳಿದ.

"ನಾನೇ," ಎಂದ ಅಬುಂದಿಯೊ. "ಎಂಟುನೂರು ಜನ ಲೈಕ್ ಕೊಟ್ಟಿದಾರೆ."

ವಕೀಲ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ.

"ಅದು ಹಬ್ಬದ ಮಾತು ಸ್ವಾಮಿ. ಹಬ್ಬದಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಹೇಳ್ಕೋತಾರೆ. ಇಲ್ಲಿ ನೋಡಿ, ನಿಜವಾದ ಮೇಸ್ತ್ರಿ ಇಲ್ಲೇ ಕೂತಿದಾರೆ."

"ಯಾರು, ಈ ಮೇಕೆಯವರಾ?" ಎಂದ ವಕೀಲ. "ಇವರನ್ನ ನಾನು ಒಳಗೆ ಕರೆಯಲ್ಲ. ಗೊತ್ತಿದ್ದೂ ಸುಳ್ಳು ಸಾಕ್ಷಿ ಕರೆದ್ರೆ ನಿಮ್ಮ ಜೊತೆ ನಾನೂ ಜೈಲಿಗೆ ಹೋಗ್ಬೇಕಾಗತ್ತೆ. ತಪ್ಪೊಪ್ಕೊಳ್ಳಿ."

ಒಪ್ಪಿಕೊಂಡ. ನ್ಯಾಯಾಧೀಶೆ ನಾಲ್ಕು ತಿಂಗಳ ಜೈಲು, ಮೇಲೆ ದಂಡ ಎಂದರು. ಇನ್ನೊಂದು ಸಲ ಲೈಸೆನ್ಸ್ ಇಲ್ಲದೆ ಆಳು ತಂದರೆ ಆರೂ ತಿಂಗಳು ಎಂದು ಸೇರಿಸಿದರು. ಬೆಲ್ಟು ಬಿಚ್ಚಿಕೊಡು ಎಂದಾಗ ಅಬುಂದಿಯೊ ಮುಖ ಕಿವುಚಿದ, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಹೋದ. ನನಗೆ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ, ತುಂಬಾ ತಣ್ಣಗಾಯಿತು.

ಮನೆಗೆ ಬರುವಾಗ ತೌರಿನೊ ಕಾರು ಓಡಿಸುತ್ತಿದ್ದ. ರೈಲು ಹಳಿ ದಾಟಿದ ಮೇಲೆ ಕೇಳಿದ.

"ಅವನಿಗೆ ಮೈಕು ಕೊಡ್ಸಿದ್ದು ನೀನಾ?"

"ಹೌದು."

"ನನ್ನ ಬಗ್ಗೆ ಹಾಗೆ ಅಂತಾನೆ ಅಂತ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಆದರೆ ಆ ಮೇಕೆಯ ಮಾತನ್ನು ಅವನಷ್ಟೇ ಸಲ ನಾನೂ ವ್ಯಾನಿನಲ್ಲಿ ಕೇಳಿದವಳು. ಅಬುಂದಿಯೊನ ಕೈಗೆ ಮೈಕು ಸಿಕ್ಕರೆ ತನ್ನನ್ನು ಹೊಗಳಿಕೊಳ್ಳುತ್ತಾನೆ, ಹೊಗಳಿಕೊಂಡು ಮುಗಿದ ಮೇಲೆ ಪಕ್ಕದಲ್ಲಿರುವವನನ್ನು ತುಳಿಯುತ್ತಾನೆ. ಅವತ್ತು ಪಕ್ಕದಲ್ಲಿ ನಿಲ್ಲುವವನು ಯಾರೆಂದು ನನಗೆ ಗೊತ್ತಿರಲಿಲ್ಲವೇ?

"ಗೊತ್ತಿತ್ತು," ಎಂದೆ.

ಅವನು ತಲೆಯಾಡಿಸಿದ. ನಮ್ಮ ಬೀದಿಗೆ ಕಾರು ತಿರುಗಿಸಿದ. ಆಮೇಲೆ, "ಜೈಲಿಗೆ ಹೋಗಿದ್ರೆ ಆರು ತಿಂಗಳಿಗೆ ಮುಗಿದು ಹೋಗ್ತಿತ್ತು ದೆಲ್ಫಿನಾ," ಎಂದ.

ಮಗಳು ಅವತ್ತು ನೋಡಿದ ನೋಟ ಆರು ತಿಂಗಳಿಗೆ ಮುಗಿಯುವುದಲ್ಲ ಎಂದು ನನಗೆ ಗೊತ್ತಾಯಿತು. ಅಂದಿನಿಂದ ಅವನು ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಾನೆ, ಮಗಳು ಎದುರು ಬಂದರೆ ಅಂಗಳಕ್ಕೆ ಹೋಗಿ ಏನಾದರೂ ಗುಡಿಸುತ್ತಾನೆ. ನನಗೆ ನೋವಾಗುತ್ತದೆ, ಕೋಪವೂ ಬರುತ್ತದೆ. ಆದರೂ ಮುಖ ಊದಿಸಿಕೊಂಡೇ ಇರಲಿ, ನನ್ನ ಮನೆಯಲ್ಲಿ ಊದಿಸಿಕೊಂಡಿರಲಿ. ದಿನಾ ಐದಕ್ಕೆ ಎದ್ದು ಅವನ ಊಟ ಕಟ್ಟುತ್ತೇನೆ, ಅವನು ಮಾತಿಲ್ಲದೆ ಎತ್ತಿಕೊಂಡು ಹೋಗುತ್ತಾನೆ.